ಕೆಳಗಿನ ಸೆಟ್ಟು ನಿಲ್ಲುತ್ತಿಲ್ಲವೇ? ಇಂಪ್ಲಾಂಟ್ ಬಗ್ಗೆ ಓದುಗರ ಪ್ರಶ್ನೆಗಳು

ಸಡಿಲವಾದ, ಚುಚ್ಚುವ ಸೆಟ್ ಹಲ್ಲನ್ನು ಬಿಟ್ಟು ದವಡೆಯ ಮೂಳೆಗೆ ಇಂಪ್ಲಾಂಟ್, ಅಂದರೆ ಹಲ್ಲಿನ ಬೇರಿನ ಬದಲಿಗೆ ಟೈಟಾನಿಯಂ ಸ್ಕ್ರೂ, ಕೂರಿಸಿ ಪೂರ್ತಿ ಸಾಲು ಕಟ್ಟಿಸಿಕೊಳ್ಳುವ ಬಗ್ಗೆ ಹಿರಿಯರಿಂದಲೂ ಅವರ ಮಕ್ಕಳಿಂದಲೂ ಬಂದ ಪ್ರಶ್ನೆಗಳಿವು. ನಮ್ಮ ದಂತವೈದ್ಯರ ತಂಡ ಉತ್ತರಿಸಿದೆ.

ಪ್ರಶ್ನೆ: ನನಗೆ 71 ವರ್ಷ. ಮೇಲಿನ ಸೆಟ್ ಚೆನ್ನಾಗಿ ಕೂತಿದೆ. ಕೆಳಗಿನದು ಮಾತಾಡುವಾಗಲೇ ಎದ್ದು ಬರುತ್ತದೆ. ಎಡಗಡೆ ಕಚ್ಚಿದರೆ ತುಟಿಯವರೆಗೆ ಶಾಕ್ ಹೊಡೆದ ಹಾಗಾಗುತ್ತದೆ. ಇದು ಮೂರನೆಯ ಸೆಟ್. ನಾಲ್ಕನೆಯದು ಮಾಡಿಸಲೇ, ಇಂಪ್ಲಾಂಟ್‌ಗೆ ಹೋಗಲೇ?

ಉತ್ತರ: ನಾಲ್ಕನೆಯದಕ್ಕೆ ಅಳತೆ ಕೊಡುವ ಮೊದಲು ಈಗಿನದು ಏಕೆ ಏಳುತ್ತಿದೆ ಎಂದು ಪರೀಕ್ಷೆ ಮಾಡಿಸಿ. ಮೇಲಿನ ಸೆಟ್ ಇಡೀ ಅಂಗುಳನ್ನು ಮುಚ್ಚುತ್ತದೆ. ತೆಳು ಜೊಲ್ಲಿನ ಪದರವೂ ಸುತ್ತಲಿನ ಅಂಚೂ ಸೇರಿ ಅದನ್ನು ಅಂಟಿಸಿ ಹಿಡಿಯುತ್ತವೆ. ಕೆಳಗಿನದಕ್ಕೆ ಆ ಭಾಗ್ಯವಿಲ್ಲ. ಕೂರಲು ಜಾಗ ಕಡಿಮೆ, ಮೇಲಾಗಿ ಪ್ರತಿ ಮಾತಿಗೂ ನಾಲಿಗೆ ಅದನ್ನು ತಳ್ಳುತ್ತದೆ. ಹಲ್ಲು ಕಿತ್ತ ಮೇಲೆ ಮೂಳೆಯ ದಿಣ್ಣೆ ಮೊದಲ ವರ್ಷ ಬೇಗ ಕರಗುತ್ತದೆ, ನಂತರ ನಿಧಾನವಾಗಿ, ಆದರೆ ನಿಲ್ಲದೆ. ಸೆಟ್ ಧರಿಸಿದವರನ್ನು 25 ವರ್ಷಗಳವರೆಗೆ ಗಮನಿಸಿ 1972ರಲ್ಲಿ ಟಾಲ್‌ಗ್ರೆನ್ ಎಂಬ ದಂತವಿಜ್ಞಾನಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಳದವಡೆಯ ಎತ್ತರ ಮೇಲ್ದವಡೆಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಕರಗಿದ್ದು ಕಂಡಿತ್ತು. ನಿಮ್ಮ ಮೇಲಿನ ಸೆಟ್ ನಿಂತು ಕೆಳಗಿನದು ಕೈಕೊಡುತ್ತಿರುವುದಕ್ಕೆ ಇದೇ ಕಾರಣವಿರಬಹುದು.

ಶಾಕ್ ಹೊಡೆದಂಥ ನೋವು ಬೇರೆ ವಿಷಯ. ಕೆಳದವಡೆಯ ನರ ಚಿಕ್ಕ ದವಡೆಹಲ್ಲುಗಳಿದ್ದ ಜಾಗದ ಹತ್ತಿರ ಒಂದು ರಂಧ್ರದಿಂದ ಹೊರಬಂದು ತುಟಿಗೂ ಗದ್ದಕ್ಕೂ ಹೋಗುತ್ತದೆ. ಮೂಳೆ ತುಂಬಾ ಕರಗಿದವರಲ್ಲಿ ಆ ರಂಧ್ರ ದಿಣ್ಣೆಯ ನೆತ್ತಿಗೇ ಬಂದುಬಿಡುತ್ತದೆ. ಕಚ್ಚಿದಾಗಲೆಲ್ಲ ಸೆಟ್ಟಿನ ತಳ ನೇರ ನರದ ಮೇಲೆ ಕೂರುತ್ತದೆ. ದಂತವೈದ್ಯರು ಒತ್ತಡ ತೋರಿಸುವ ಪೇಸ್ಟನ್ನು ತಳಕ್ಕೆ ಸವರಿ ಕಚ್ಚಿಸಿದರೆ ಎಲ್ಲಿ ಪೇಸ್ಟ್ ಅಳಿಸಿಹೋಗಿ ಸೆಟ್ಟಿನ ಅಕ್ರಿಲಿಕ್ (ಗಟ್ಟಿ ಪ್ಲಾಸ್ಟಿಕ್) ಕಾಣುತ್ತದೋ ಅದೇ ನರಕ್ಕೆ ಒತ್ತುವ ಜಾಗ. ಅಷ್ಟನ್ನು ಮಾತ್ರ ಒಳಗಿನಿಂದ ತೋಡಿದರೆ ಹಲವರಿಗೆ ಅವತ್ತೇ ನೋವು ಇಳಿಯುತ್ತದೆ. ಮನೆಯಲ್ಲಿ ಅರದಿಂದ ಉಜ್ಜಬೇಡಿ. ಅಂಚು ಕಡಿಮೆಯಾದಷ್ಟೂ ಸೆಟ್ ಇನ್ನಷ್ಟು ಏಳುತ್ತದೆ.

ಬಾಯಿ ಒಣಗುತ್ತದೆಯೇ ಎಂಬುದನ್ನೂ ಹೇಳಿ. ಖಿನ್ನತೆ, ಅಲರ್ಜಿ, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವ ತೊಂದರೆಗಳಿಗೆ ಕೊಡುವ ಅನೇಕ ಮಾತ್ರೆಗಳು ಜೊಲ್ಲನ್ನು ಕಡಿಮೆ ಮಾಡುತ್ತವೆ. ಒಣಬಾಯಿಗೆ ಎಂಥ ಸೆಟ್ ಹಾಕಿದರೂ ಉಜ್ಜಿ ಹುಣ್ಣಾಗುತ್ತದೆ. ಅಂಟಿಸುವ ಕ್ರೀಮನ್ನು ದಿನಕ್ಕೆ ಮೂರ್ನಾಲ್ಕು ಸಲ ಬಳಿಯಬೇಕಾಗುತ್ತಿದ್ದರೆ ಸೆಟ್ ಹೊಂದುತ್ತಿಲ್ಲವೆಂದೇ ಅರ್ಥ. ಕೆಲವು ಕ್ರೀಮುಗಳಲ್ಲಿ ಸತು ಇರುತ್ತದೆ. ವರ್ಷಗಟ್ಟಲೆ ಅತಿಯಾಗಿ ಬಳಸಿದರೆ ದೇಹದಲ್ಲಿ ತಾಮ್ರದ ಕೊರತೆಯಾಗಿ ಕೈಕಾಲು ಜೋಮು ಹಿಡಿಯುವ ನರದ ತೊಂದರೆ ಬಂದದ್ದುಂಟು.

ತಳ ತುಂಬಿಸಿ, ಅಂದರೆ ರೀಲೈನ್ ಮಾಡಿಸಿ, ಕಚ್ಚುವ ಹೊಂದಾಣಿಕೆ ಸರಿಪಡಿಸಿದ ಮೇಲೂ ಎದ್ದರೆ ನಾಲ್ಕನೆಯ ಸೆಟ್ ಮಾಡಿಸಿ ಪ್ರಯೋಜನ ಕಡಿಮೆ. ಆಗ ಕೆಳದವಡೆಯ ಮುಂಭಾಗದಲ್ಲಿ, ಕೋರೆಹಲ್ಲುಗಳಿದ್ದ ಜಾಗದಲ್ಲಿ ಎರಡು ಇಂಪ್ಲಾಂಟ್ ಹಾಕಿಸಿ ಸೆಟ್ಟನ್ನು ಅವುಗಳ ಮೇಲೆ ಕೂರಿಸಿಕೊಳ್ಳಿ. ಹಿಂಭಾಗ ಕರಗಿದ್ದರೂ ಆ ಜಾಗದಲ್ಲಿ ಸಾಮಾನ್ಯವಾಗಿ ಮೂಳೆ ಉಳಿದಿರುತ್ತದೆ. ಹಲ್ಲೇ ಇಲ್ಲದ ಕೆಳದವಡೆಗೆ ಮೊದಲ ಆಯ್ಕೆ ಬರೀ ಸೆಟ್ ಅಲ್ಲ, ಎರಡು ಇಂಪ್ಲಾಂಟ್ ಮೇಲಿನ ಸೆಟ್ ಎಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು 2002ರಲ್ಲೇ ಒಮ್ಮತಕ್ಕೆ ಬಂದಿದ್ದರು.

ಪ್ರಶ್ನೆ: ನಮ್ಮ ತಾಯಿಗೆ 78. ಒಬ್ಬ ವೈದ್ಯರು ಕೆಳಗೆ ನಾಲ್ಕು ಇಂಪ್ಲಾಂಟ್ ಹಾಕಿ ತೆಗೆಯಲಾಗದ ಹಲ್ಲು ಕಟ್ಟೋಣ ಅಂದರು. ಇನ್ನೊಬ್ಬರು ಎರಡೇ ಸಾಕು, ತೆಗೆದು ಹಾಕುವ ಸೆಟ್ ಮಾಡೋಣ ಅನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಇಬ್ಬರದೂ ತಪ್ಪಲ್ಲ. ನೀವು ಕೇಳಬೇಕಾದ ಮೊದಲ ಪ್ರಶ್ನೆ ಬೇರೆ: ಇನ್ನು ಹತ್ತು ವರ್ಷದ ಮೇಲೆ ಇದನ್ನು ದಿನವೂ ಯಾರು ಶುಚಿ ಮಾಡುತ್ತಾರೆ? ಇಂಪ್ಲಾಂಟ್ ಸಂಖ್ಯೆ, ಹಲ್ಲಿನ ವಸ್ತು, ಬಣ್ಣ ಇವೆಲ್ಲ ಅದಕ್ಕೆ ಉತ್ತರ ಸಿಕ್ಕಿದ ಮೇಲಿನ ಮಾತು.

ತೆಗೆದು ಹಾಕುವ ಬಗೆಯಲ್ಲಿ ಪ್ರತಿ ಇಂಪ್ಲಾಂಟ್ ಮೇಲೆ ಗಿಡ್ಡ ಲೋಹದ ಗುಬ್ಬಿ ಇರುತ್ತದೆ, ಸೆಟ್ಟಿನ ಒಳಗೆ ಅದಕ್ಕೆ ಹೊಂದುವ ನೈಲಾನ್ ಬಿಲ್ಲೆ. ಒತ್ತಿದರೆ ಟಿಚ್ ಬಟನ್ ಹಾಗೆ ಕೂರುತ್ತದೆ. ಮೆಲ್ಲುವ ಭಾರದ ಹೆಚ್ಚಿನ ಪಾಲನ್ನು ವಸಡೇ ಹೊರುತ್ತದೆ, ಇಂಪ್ಲಾಂಟ್ ಸೆಟ್ ಏಳದಂತೆ ಹಿಡಿಯುತ್ತದೆ. ರಾತ್ರಿ ತೆಗೆದು ತೊಳೆಯಬಹುದು. ಬಿಲ್ಲೆ ಸವೆಯುತ್ತದೆ, ಸುಮಾರು ವರ್ಷಕ್ಕೊಮ್ಮೆ ಬದಲಿಸಬೇಕು, ಐದು ನಿಮಿಷದ ಕೆಲಸ. ಬಿಲ್ಲೆಗಳು ಬಣ್ಣದ ಪ್ರಕಾರ ಬೇರೆಬೇರೆ ಬಿಗಿಯಲ್ಲಿ ಬರುತ್ತವೆ. ಬೆರಳಿನ ಬಲ ಕಡಿಮೆಯಿರುವವರಿಗೆ ಅತಿ ಸಡಿಲದ ಬಿಲ್ಲೆಯಿಂದಲೇ ಶುರು ಮಾಡಬೇಕು. ಸೆಟ್ಟು ತೆಗೆಯಲಾಗದೆ ವಾರಗಟ್ಟಲೆ ಬಾಯಲ್ಲೇ ಬಿಟ್ಟುಕೊಂಡು ವಸಡು ಹುಣ್ಣಾದವರಿದ್ದಾರೆ.

ತೆಗೆಯಲಾಗದ ಬಗೆಯಲ್ಲಿ ನಾಲ್ಕರಿಂದ ಆರು ಇಂಪ್ಲಾಂಟ್‌ಗೆ ಇಡೀ ಸಾಲನ್ನು ಸ್ಕ್ರೂ ಹಾಕಿ ಬಿಗಿಯುತ್ತಾರೆ. ನಾಲ್ಕರ ವಿಧಾನವನ್ನು 1998ರಿಂದ ಪೋರ್ಚುಗಲ್‌ನ ದಂತವೈದ್ಯ ಪಾವ್ಲೊ ಮಾಲೊ ಬಳಕೆಗೆ ತಂದರು. ಮುಂದಿನ ಎರಡು ನೇರವಾಗಿ, ಹಿಂದಿನ ಎರಡು 45 ಡಿಗ್ರಿವರೆಗೆ ಓರೆಯಾಗಿ. ಓರೆ ಮಾಡುವುದರಿಂದ ಕೆಳಗೆ ನರವನ್ನೂ ಮೇಲೆ ಸೈನಸ್ಸನ್ನೂ (ಮೂಗಿನ ಪಕ್ಕದ ಗಾಳಿಯ ಪೊಳ್ಳು) ತಪ್ಪಿಸಿ ಇಂಪ್ಲಾಂಟ್ ತಲೆ ಇನ್ನಷ್ಟು ಹಿಂದಕ್ಕೆ ಬರುತ್ತದೆ, ಮೂಳೆ ಕಸಿ ಮಾಡಿಸುವುದು ಅನೇಕರಿಗೆ ತಪ್ಪುತ್ತದೆ. ಕೊನೆಯ ಇಂಪ್ಲಾಂಟ್‌ನಿಂದ ಆಚೆಗೆ ಹಲ್ಲುಗಳು ಆಧಾರವಿಲ್ಲದೆ ಚಾಚಿಕೊಂಡಿರುತ್ತವಲ್ಲ, ಮುರಿಯುವುದು ಅಲ್ಲೇ ಹೆಚ್ಚು. ಮುಂದಿನ ಇಂಪ್ಲಾಂಟ್‌ಗಳ ಸಾಲಿಗೂ ಹಿಂದಿನವುಗಳ ಸಾಲಿಗೂ ಇರುವ ದೂರದ ಒಂದೂವರೆ ಪಟ್ಟಿಗಿಂತ ಉದ್ದ ಚಾಚಬಾರದು ಎಂಬುದು ಹಳೆಯ ಲೆಕ್ಕ. ದೂರ 10 ಮಿ.ಮೀ. ಇದ್ದರೆ 15 ಮಿ.ಮೀ.ಗೆ ಮಿತಿ. ಎಚ್ಚರದ ವೈದ್ಯರು ಅದಕ್ಕೂ ಕಡಿಮೆಯಲ್ಲೇ ನಿಲ್ಲುತ್ತಾರೆ. ನಾಲ್ಕೇ ಇದ್ದಾಗ ಒಂದು ಸೋತರೆ ಇಡೀ ಸಾಲಿನ ಆಧಾರವೇ ಅಲುಗುತ್ತದೆ ಎಂಬುದೂ ತಿಳಿದಿರಲಿ.

ಎತ್ತರದ ಜಾಗವನ್ನೂ ಅಳೆಯಬೇಕು. ತೆಗೆಯಲಾಗದ ಸಾಲಿಗೆ ಇಂಪ್ಲಾಂಟ್ ತಲೆಯಿಂದ ಎದುರು ಸಾಲಿನವರೆಗೆ ಸುಮಾರು 15 ಮಿ.ಮೀ. ಬೇಕು, ಗುಬ್ಬಿಯ ಮೇಲಿನ ಸೆಟ್ಟಿಗೆ 8–9 ಮಿ.ಮೀ. ಆದರೂ ನಡೆಯುತ್ತದೆ. ಜಾಗ ಸಾಲದಿದ್ದರೆ ಮೂಳೆ ತರಿಯಬೇಕಾಗುತ್ತದೆ, ಇಲ್ಲವೇ ಅಕ್ರಿಲಿಕ್ ತೆಳುವಾಗಿ ಸೀಳುತ್ತದೆ.

ಮೇಲ್ದವಡೆಯ ಮಾತು ಬಂದರೆ ಒಂದು ಪರೀಕ್ಷೆ ಮಾಡಿಸದೆ ಒಪ್ಪಬೇಡಿ. ಸೆಟ್ಟಿನ ಗುಲಾಬಿ ಅಂಚು ಒಳಗಿನಿಂದ ಮೇಲ್ತುಟಿಯನ್ನು ಎತ್ತಿ ಹಿಡಿದಿರುತ್ತದೆ. ತೆಗೆಯಲಾಗದ ಸಾಲಿನಲ್ಲಿ ಆ ಅಂಚು ಇಡುವಂತಿಲ್ಲ, ಇಟ್ಟರೆ ಕೆಳಗೆ ಬ್ರಷ್ ಹೋಗುವುದಿಲ್ಲ. ಹಾಗಾಗಿ ಮೇಣದ ಮೇಲೆ ಹಲ್ಲು ಜೋಡಿಸಿ, ಅಂಚಿಲ್ಲದೆ ಬಾಯಿಗಿಟ್ಟು, ಪಕ್ಕದಿಂದ ಮುಖ ನೋಡಬೇಕು. ತುಟಿ ಒಳಗೆ ಕುಸಿದರೆ ತೆಗೆದು ಹಾಕುವ ಬಗೆಯೇ ಸೂಕ್ತ. ಮೇಲಿನ ಮೂಳೆ ಮೆದು, ಅಲ್ಲಿ ತೆಗೆದು ಹಾಕುವ ಸೆಟ್ಟಿಗೂ ಕನಿಷ್ಠ ನಾಲ್ಕು ಇಂಪ್ಲಾಂಟ್ ಬೇಕು. ಕೆಳಗೆ ಎರಡು ಸಾಕೆಂದು ಮೇಲೂ ಎರಡರಲ್ಲಿ ಮುಗಿಸಲಾಗದು.

ತಾಯಿಯವರ ತೊಂದರೆ ಕೆಳಗಿನ ಸೆಟ್ಟಿನದು ಮಾತ್ರ, ಕೈ ಸ್ವಲ್ಪ ನಡುಗುತ್ತದೆ ಅಥವಾ ಕಣ್ಣು ಮಂದ ಎಂದಾದರೆ ನಮ್ಮ ಒಲವು ಎರಡರ ಕಡೆಗೆ. ಕೈ ಗಟ್ಟಿಯಿದ್ದು, ಹಲ್ಲು ತೆಗೆದಿಡುವುದೇ ಅವರ ಮನಸ್ಸಿಗೆ ಹಿಂಸೆಯಾಗಿದ್ದರೆ ನಾಲ್ಕು ಅಥವಾ ಹೆಚ್ಚು. ವಯಸ್ಸೊಂದೇ ಅಡ್ಡಿಯಲ್ಲ, 78ರ ಆರೋಗ್ಯವಂತರ ಮೂಳೆಯೂ ಇಂಪ್ಲಾಂಟನ್ನು ಹಿಡಿಯುತ್ತದೆ.

ಪ್ರಶ್ನೆ: ಕೆಳಗೆ ಮಾತ್ರ ಇಂಪ್ಲಾಂಟ್ ಹಾಕಿಸಿ ಮೇಲೆ ಹಳೆಯ ಸೆಟ್ಟನ್ನೇ ಇಟ್ಟುಕೊಂಡರೆ ಆಗದೇ?

ಉತ್ತರ: ಆಗುತ್ತದೆ, ಬಹಳ ಜನ ಹಾಗೇ ಇದ್ದಾರೆ. ಆದರೆ ಕೆಳಗೆ ಹೊಸದಾಗಿ ಬಂದ ಬಲವೆಲ್ಲ ಮೇಲಿನ ಮುಂಭಾಗವನ್ನು ಗುದ್ದತೊಡಗಿದರೆ ಅಲ್ಲಿನ ಮೂಳೆ ಕರಗಿ ವಸಡು ಮೆತ್ತಗೆ ಜೋಲುತ್ತದೆ. ಕೆಳಗೆ ಮುಂದಿನ ಸ್ವಂತ ಹಲ್ಲುಗಳಷ್ಟೇ ಉಳಿದವರಲ್ಲಿ ಈ ಬದಲಾವಣೆಯನ್ನು ಕೆಲ್ಲಿ ಎಂಬ ದಂತವೈದ್ಯರು 1972ರಲ್ಲಿ ವಿವರಿಸಿದ್ದರು. ಇದಕ್ಕೆ ತಡೆಯೆಂದರೆ ಬರೀ ಕಚ್ಚಿದಾಗ ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗದಂತೆ, ಭಾರ ಹಿಂದಿನ ಹಲ್ಲುಗಳ ಮೇಲೆ ಬೀಳುವಂತೆ ಜೋಡಿಸುವುದು. ವರ್ಷಕ್ಕೊಮ್ಮೆ ಕಚ್ಚುವಿಕೆ ನೋಡಿಸಿ, ಮೇಲಿನದನ್ನೂ ಬೇಕಾದಾಗ ರೀಲೈನ್ ಮಾಡಿಸಿ.

ಪ್ರಶ್ನೆ: 'ಒಂದೇ ದಿನದಲ್ಲಿ ಹಲ್ಲು' ಎಂಬ ಜಾಹೀರಾತು ನಿಜವೇ? ಮೂಳೆ ಕೂಡಲು ತಿಂಗಳುಗಳು ಬೇಕೆಂದು ಕೇಳಿದ್ದೆ.

ಉತ್ತರ: ಎರಡೂ ನಿಜ. ಅವತ್ತು ಸಿಗುವುದು ತಾತ್ಕಾಲಿಕ ಅಕ್ರಿಲಿಕ್ ಸಾಲು. ಎಷ್ಟೋ ಸಲ ನಿಮ್ಮ ಸೆಟ್ಟನ್ನೇ ಕೊರೆದು, ಅಂಚು ಕತ್ತರಿಸಿ, ಇಂಪ್ಲಾಂಟ್ ಮೇಲಿನ ಕೊಳವೆಗಳಿಗೆ ಅಂಟಿಸಿ ಅದನ್ನು ಮಾಡಿರುತ್ತಾರೆ. ಅಂತಿಮ ಹಲ್ಲು ಕೆಳಗೆ ಮೂರು ತಿಂಗಳ ನಂತರ, ಮೇಲೆ ನಾಲ್ಕರಿಂದ ಆರು ತಿಂಗಳ ನಂತರ.

ಟೈಟಾನಿಯಂ ಜೀವಂತ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ಕಂಡುಕೊಂಡರು. 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದರು. ಆ ಕಾಲದಲ್ಲಿ ಇಂಪ್ಲಾಂಟನ್ನು ವಸಡಿನ ಕೆಳಗೆ ಮುಚ್ಚಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಈಗ ಅವತ್ತೇ ಹಲ್ಲು ಕೂರಿಸಲು ಸಾಧ್ಯವಾಗಿರುವುದು ನಾಲ್ಕೂ ಇಂಪ್ಲಾಂಟ್‌ಗಳನ್ನು ಗಟ್ಟಿಯಾಗಿ ಒಂದಕ್ಕೊಂದು ಬಿಗಿದು ಅಲುಗದಂತೆ ಮಾಡುವುದರಿಂದ. ಅದಕ್ಕೂ ಷರತ್ತಿದೆ: ಇಂಪ್ಲಾಂಟ್ ಮೂಳೆಗೆ ಇಳಿಯುವಾಗ ಸುಮಾರು 35 ನ್ಯೂಟನ್ ಸೆಂಟಿಮೀಟರ್ (ತಿರುಚುವ ಬಲದ ಅಳತೆ) ಬಿಗಿ ಸಿಗಬೇಕು. ಸಿಗದಿದ್ದರೆ ಹೊಲಿಗೆ ಹಾಕಿ ಮುಚ್ಚಿ ಕಾಯುವುದೇ ಸರಿ. ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ವೈದ್ಯರು ಹಾಗೆ ನಿರ್ಧರಿಸಿದರೆ ಬೇಸರ ಪಡಬೇಡಿ. ಅವರು ನಿಮ್ಮ ಇಂಪ್ಲಾಂಟನ್ನು ಉಳಿಸುತ್ತಿದ್ದಾರೆ.

ಅದಕ್ಕೂ ಮುಂಚೆ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಆಗಲೇಬೇಕು. ಸಾಮಾನ್ಯ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ನರದಿಂದ ಕನಿಷ್ಠ 2 ಮಿ.ಮೀ. ಅಂತರ ಉಳಿಸಿ ಇಂಪ್ಲಾಂಟ್ ಉದ್ದ ಆರಿಸುತ್ತಾರೆ. ಸಾಮಾನ್ಯವಾಗಿ ಉದ್ದ 8ರಿಂದ 13 ಮಿ.ಮೀ., ದಪ್ಪ 3.5ರಿಂದ 5 ಮಿ.ಮೀ. ಕೊರೆಯುವಾಗ ತಣ್ಣನೆಯ ಸಲೈನ್ ಸುರಿಸುತ್ತಲೇ ಇರುವುದು ಸುಮ್ಮನಲ್ಲ, ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೆ ಸಾಯತೊಡಗುತ್ತದೆ. ಬಾವು ಎರಡು–ಮೂರನೆಯ ದಿನ ಹೆಚ್ಚಿ ಆಮೇಲೆ ಇಳಿಯುತ್ತದೆ.

ಹೆಚ್ಚಿನವರು ಎಡವುವುದು ಎರಡನೆಯ ವಾರದಿಂದ ನಾಲ್ಕನೆಯ ವಾರದೊಳಗೆ. ಮೊದಲ ದಿನದ ಹಿಡಿತ ಬರೀ ಸ್ಕ್ರೂ ಹಿಡಿತ. ದೇಹ ಆ ಸುತ್ತಲಿನ ಮೂಳೆಯನ್ನು ಕರಗಿಸಿ ಹೊಸದನ್ನು ಕಟ್ಟುತ್ತದೆ. ಹಳೆಯದು ಸಡಿಲಗೊಂಡು ಹೊಸದು ಇನ್ನೂ ಗಟ್ಟಿಯಾಗದ ಹೊತ್ತು ಅದು. ನೋವಿಲ್ಲ, ಬಾವಿಲ್ಲ, ಹಲ್ಲು ಅಲುಗುತ್ತಿಲ್ಲ, ಹಾಗಾಗಿ ಗಟ್ಟಿಯಾದದ್ದನ್ನು ಕಚ್ಚಿಬಿಡುತ್ತಾರೆ. ಕನಿಷ್ಠ ಆರರಿಂದ ಎಂಟು ವಾರ ನಾಲಿಗೆ–ಅಂಗುಳಿನ ನಡುವೆ ಹಿಸುಕಲು ಬರುವಷ್ಟು ಮೆತ್ತಗಿನದನ್ನೇ ತಿನ್ನಬೇಕು. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಮೊದಲೇ ಹೇಳಿ.

ಅಂತಿಮ ಸಾಲು ಟೈಟಾನಿಯಂ ಪಟ್ಟಿಯ ಮೇಲಿನ ಅಕ್ರಿಲಿಕ್ ಆಗಿರಬಹುದು ಅಥವಾ ಪಿಂಗಾಣಿಯಂಥ ಗಟ್ಟಿ ವಸ್ತುವಾದ ಜಿರ್ಕೋನಿಯಾ. ಅಕ್ರಿಲಿಕ್ ಹಲ್ಲು ಸವೆಯುತ್ತದೆ, ಚಕ್ಕೆ ಏಳುತ್ತದೆ, ಆದರೆ ರಿಪೇರಿ ಸುಲಭ. ಜಿರ್ಕೋನಿಯಾ ಸವೆಯುವುದಿಲ್ಲ, ಕಲೆ ಹಿಡಿಯುವುದು ಕಡಿಮೆ. ಬಿರುಕು ಬಿಟ್ಟರೆ ಮಾತ್ರ ಸಾಮಾನ್ಯವಾಗಿ ಇಡೀ ಸಾಲನ್ನೇ ಹೊಸದಾಗಿ ಮಾಡಬೇಕು.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ ಇದೆ, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುತ್ತೇನೆ, ಆರು ತಿಂಗಳಿಗೊಮ್ಮೆ ಮೂಳೆ ಸವೆತದ ಇಂಜೆಕ್ಷನ್ ನಡೆಯುತ್ತಿದೆ. ಇಂಪ್ಲಾಂಟ್ ಮರೆತುಬಿಡಬೇಕೇ?

ಉತ್ತರ: ಮರೆಯಬೇಕಿಲ್ಲ, ಆದರೆ ಮೂರನ್ನೂ ಬೇರೆಬೇರೆಯಾಗಿ ನೋಡಬೇಕು.

ಸಕ್ಕರೆ ಹಿಡಿತದಲ್ಲಿದ್ದರೆ ಅಡ್ಡಿಯಿಲ್ಲ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 7ರ ಆಸುಪಾಸು ಇದ್ದರೆ ನೆಮ್ಮದಿ, 8 ದಾಟಿದ್ದರೆ ಮೊದಲು ಅದನ್ನು ಇಳಿಸಿಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಬಾಯಿಯ ರಕ್ತಸ್ರಾವವನ್ನು ಹೊಲಿಗೆಯಿಂದ, ಒತ್ತಿ ಹಿಡಿಯುವುದರಿಂದ ತಡೆಯಬಹುದು. ಮಾತ್ರೆ ನಿಂತು ಮೆದುಳಿಗೋ ಹೃದಯಕ್ಕೋ ಹೆಪ್ಪುಗಟ್ಟಿದ ರಕ್ತ ಹೋದರೆ ತಡೆಯಲಾಗದು. ವಾರ್ಫರಿನ್ ಆದರೆ ಹತ್ತಿರದ ದಿನಗಳಲ್ಲಿ ಮಾಡಿಸಿದ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ) ಫಲಿತಾಂಶ ಬೇಕು. ಬೇರೆ ಮಾತ್ರೆಯಾದರೆ ಅವತ್ತಿನ ಬೆಳಗಿನ ಗುಳಿಗೆಯ ವಿಷಯವನ್ನು ಅದನ್ನು ಬರೆದುಕೊಟ್ಟ ವೈದ್ಯರೇ ಹೇಳಬೇಕು.

ಮೂರನೆಯದೇ ಸೂಕ್ಷ್ಮ. ಆರು ತಿಂಗಳಿಗೊಮ್ಮೆ ಅಂದರೆ ಅದು ಡೆನೊಸುಮ್ಯಾಬ್ ಇರಬಹುದು. ಇದೂ, ಅಲೆಂಡ್ರೊನೇಟ್, ಜೋಲೆಡ್ರೊನಿಕ್ ಆಮ್ಲದಂಥವೂ ಮೂಳೆ ಕರಗದಂತೆ ತಡೆಯುತ್ತವೆ, ಜೊತೆಗೆ ದವಡೆಯ ಗಾಯ ಮಾಯದೆ ಮೂಳೆ ಸತ್ತು ತೆರೆದುಕೊಳ್ಳುವ ಅಪಾಯವನ್ನೂ ತರುತ್ತವೆ. ಮೂಳೆ ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಆ ಅಪಾಯ ಕಡಿಮೆ, ಕ್ಯಾನ್ಸರ್‌ಗೆ ಕೊಡುವ ದೊಡ್ಡ ಪ್ರಮಾಣದಲ್ಲಿ ಬಹಳ ಹೆಚ್ಚು. ಅಂಥವರಿಗೆ ಇಂಪ್ಲಾಂಟ್ ಬೇಡವೆಂದೇ ಹೇಳುತ್ತೇವೆ. ಹಲ್ಲಿಗಾಗಿ ಡೆನೊಸುಮ್ಯಾಬ್ ಸರದಿ ತಪ್ಪಿಸಬೇಡಿ. ಅದು ನಿಂತರೆ ಮೂಳೆ ಸವೆತ ರಭಸವಾಗಿ ಮರಳಿ ಬೆನ್ನುಮೂಳೆಯೇ ಮುರಿಯಬಹುದು. ಹಿಂದಿನ ಇಂಜೆಕ್ಷನ್ ಆಗಿ ಮೂರು–ನಾಲ್ಕು ತಿಂಗಳಾದಾಗ ಶಸ್ತ್ರಚಿಕಿತ್ಸೆ ಇಟ್ಟುಕೊಂಡು, ಗಾಯ ಮಾಗಿದ ಮೇಲೆ ಮುಂದಿನದನ್ನು ಸಮಯಕ್ಕೇ ತೆಗೆದುಕೊಳ್ಳುವಂತೆ ಇಬ್ಬರು ವೈದ್ಯರೂ ಮಾತಾಡಿಕೊಳ್ಳಲಿ. ತಲೆ–ಕತ್ತಿಗೆ ರೇಡಿಯೇಷನ್ ಆಗಿದ್ದರೆ ಅದನ್ನು ಎಷ್ಟು ವರ್ಷ ಕಳೆದಿದ್ದರೂ ಹೇಳಿ. ಸಿಗರೇಟು, ಬೀಡಿ ಇದ್ದರೆ ಇಂಪ್ಲಾಂಟ್ ಸೋಲುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ.

ಪ್ರಶ್ನೆ: ನಿನ್ನೆ ಕೆಳದವಡೆಗೆ ಇಂಪ್ಲಾಂಟ್ ಹಾಕಿದರು. ಬೆಳಗಾದರೂ ಒಂದು ಕಡೆಯ ತುಟಿ, ಗದ್ದ ಮರಗಟ್ಟಿಯೇ ಇದೆ ಎಂದರೆ ಕಾಯಬಹುದೇ?

ಉತ್ತರ: ಕಾಯಬೇಡಿ. ಮರಗಟ್ಟಿಸುವ ಇಂಜೆಕ್ಷನ್ ಪ್ರಭಾವ ಕೆಲವೇ ಗಂಟೆಗಳದು. ಅವತ್ತೇ ಹಾಕಿದವರಿಗೆ ತಿಳಿಸಿ. ಇಂಪ್ಲಾಂಟ್ ನರವನ್ನು ಒತ್ತುತ್ತಿದೆ ಎಂದು ಸ್ಕ್ಯಾನ್‌ನಲ್ಲಿ ಕಂಡರೆ ಮೊದಲ ಒಂದೆರಡು ದಿನದೊಳಗೆ ಅದನ್ನು ತೆಗೆದರೆ ನರ ಚೇತರಿಸುವ ಸಾಧ್ಯತೆ ಹೆಚ್ಚು. ತಿಂಗಳು ಕಳೆದರೆ ಇಂಪ್ಲಾಂಟ್ ಮೂಳೆಗೆ ಬೆಸೆದಿರುತ್ತದೆ, ನರದ ಹಾನಿಯೂ ನೆಲೆನಿಂತಿರುತ್ತದೆ.

ಪ್ರಶ್ನೆ: ನಾಲ್ಕು ಇಂಪ್ಲಾಂಟ್ ಮೇಲಿನ ಸಾಲು ಹಾಕಿಸಿ ಎರಡು ವರ್ಷವಾಯಿತು. ಈಚೆಗೆ ಕಚ್ಚಿದರೆ 'ಟಿಕ್' ಎನ್ನುತ್ತದೆ, ಬಾಯಿ ವಾಸನೆಯೂ ಇದೆ. ನೋವೇನಿಲ್ಲ.

ಉತ್ತರ: ನೋವಿಲ್ಲದಿದ್ದರೂ ಈ ವಾರವೇ ಹೋಗಿ. 'ಟಿಕ್' ಎಂದರೆ ಬಹುಪಾಲು ಒಂದು ಸ್ಕ್ರೂ ಸಡಿಲವಾಗಿದೆ. ಅದರ ಭಾರ ಉಳಿದ ಮೂರರ ಮೇಲೆ ಬಿದ್ದು ಅವುಗಳಲ್ಲೊಂದು ಮುರಿಯುವುದು ಮುಂದಿನ ಹಂತ. ಮುರಿದ ತುಂಡನ್ನು ಇಂಪ್ಲಾಂಟ್ ಒಳಗಿನಿಂದ ತೆಗೆಯುವುದು ಸ್ಕ್ರೂ ಬಿಗಿಯುವಷ್ಟು ಸರಳವಲ್ಲ. ಬರೀ ಬಿಗಿದು ಕಳಿಸಿದರೆ ಒಪ್ಪಬೇಡಿ. ಸಾಲು ಪೂರ್ತಿ ತೆಗೆದು, ಹೊಸ ಸ್ಕ್ರೂ ಹಾಕಿ, ತಯಾರಕರು ಹೇಳಿದ ಅಳತೆಗೆ, ಎಷ್ಟೋ ವ್ಯವಸ್ಥೆಗಳಲ್ಲಿ ಅದು 15 ನ್ಯೂಟನ್ ಸೆಂಟಿಮೀಟರ್, ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಮತ್ತೆಮತ್ತೆ ಸಡಿಲವಾದರೆ ಸಾಲು ಇಂಪ್ಲಾಂಟ್‌ಗಳ ಮೇಲೆ ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಕಚ್ಚುವಿಕೆ ಒಂದೇ ಕಡೆ ಬೀಳುತ್ತಿದೆ.

ವಾಸನೆಗೆ ಕಾರಣ ಸಾಲಿನ ಕೆಳಗೆ ಕೂತ ಪಾಚಿ. ವಸಡು ಕೆಂಪಗಾಗಿ ರಕ್ತ ಬರುವುದಷ್ಟೇ ಆಗಿದ್ದರೆ ಶುಚಿಗೊಳಿಸಿದರೆ ಸರಿಹೋಗುತ್ತದೆ. ಕೀವು ಬಂದು ಎಕ್ಸ್‌ರೇಯಲ್ಲಿ ಮೂಳೆ ಇಳಿದಿದ್ದು ಕಂಡರೆ ಅದು ಪೆರಿ ಇಂಪ್ಲಾಂಟೈಟಿಸ್, ಅಂದರೆ ಇಂಪ್ಲಾಂಟ್ ಸುತ್ತಲಿನ ಸೋಂಕು, ಅಲ್ಲಿ ಕಳೆದುಹೋದ ಮೂಳೆ ತಾನಾಗಿ ಬರುವುದಿಲ್ಲ. ಲೋಹಕ್ಕೆ ಹುಳುಕು ಹಿಡಿಯುವುದಿಲ್ಲ ಎಂಬ ಧೈರ್ಯದಲ್ಲಿ ಬ್ರಷ್ ಬಿಟ್ಟವರಲ್ಲಿ ಇದನ್ನು ಹೆಚ್ಚು ಕಾಣುತ್ತೇವೆ.

ದಿನಕ್ಕೊಮ್ಮೆ ಸೂಪರ್‌ಫ್ಲಾಸ್‌ನ (ಸಂದಿ ಶುಚಿ ಮಾಡುವ ದಾರ) ಗಡುಸಾದ ತುದಿಯನ್ನು ಸಾಲಿನ ಕೆಳಗೆ ತುಟಿ ಕಡೆಯಿಂದ ನಾಲಿಗೆ ಕಡೆಗೆ ತೂರಿಸಿ, ದಪ್ಪ ಭಾಗದಿಂದ ಪ್ರತಿ ಇಂಪ್ಲಾಂಟನ್ನು ಬಳಸಿ ಉಜ್ಜಬೇಕು. ನೀರು ಚಿಮ್ಮಿಸುವ ವಾಟರ್ ಫ್ಲಾಸರ್ ಒಳ್ಳೆಯದೇ, ಆದರೆ ಅದು ಅಂಟಿದ ಪಾಚಿಯನ್ನು ಪೂರ್ತಿ ಎಬ್ಬಿಸುವುದಿಲ್ಲ. ಫ್ಲಾಸ್ ಎಲ್ಲೂ ತೂರದಿದ್ದರೆ ತಪ್ಪು ನಿಮ್ಮದಲ್ಲ. ಸಾಲಿನ ತಳ ಉಬ್ಬಾಗಿ, ನಯವಾಗಿ ಇರಬೇಕು. ವಸಡನ್ನು ತಬ್ಬಿದಂತೆ ತಗ್ಗಾಗಿದ್ದರೆ ಅದನ್ನು ತಿದ್ದಿಕೊಡಲು ಕೇಳಿ. ಆರು ತಿಂಗಳಿಗೊಮ್ಮೆ ತಪಾಸಣೆ ಬೇಕು. ಚೆನ್ನಾಗಿ ನೋಡಿಕೊಂಡವರಲ್ಲಿ ಹತ್ತು ವರ್ಷದ ನಂತರವೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಇಂಪ್ಲಾಂಟ್‌ಗಳು ಉಳಿದಿರುತ್ತವೆ.

ಇನ್ನೊಂದು: ನಿಮ್ಮ ಇಂಪ್ಲಾಂಟ್‌ಗಳ ಕಂಪನಿ, ಮಾದರಿ, ಅಳತೆ, ಬ್ಯಾಚ್ ಸಂಖ್ಯೆ ಇರುವ ಸ್ಟಿಕ್ಕರನ್ನು ಕೇಳಿ ಪಡೆದು ಮನೆಯಲ್ಲಿಡಿ. ಪ್ರತಿ ಕಂಪನಿಯ ಸ್ಕ್ರೂ ಮತ್ತು ಚಾವಿ ಬೇರೆ. ಆ ಚೀಟಿಯಿಲ್ಲದೆ ಬೇರೆ ಊರಿನ ವೈದ್ಯರು ಸಡಿಲವಾದ ಒಂದು ಸ್ಕ್ರೂವನ್ನೂ ಮುಟ್ಟಲಾರರು.

ಪ್ರಶ್ನೆ: ಇಂಪ್ಲಾಂಟ್ ಇದ್ದರೆ ಎಂಆರ್‌ಐ ಮಾಡಿಸಬಹುದೇ?

ಉತ್ತರ: ಮಾಡಿಸಬಹುದು. ಟೈಟಾನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಬಾಯಿಯ ಸುತ್ತ ಚಿತ್ರ ಸ್ವಲ್ಪ ಮಸುಕಾಗಬಹುದು. ತೆಗೆದು ಹಾಕುವ ಸೆಟ್ಟನ್ನು ಹೊರಗಿಟ್ಟು ಹೋಗಿ. ಸೆಟ್ಟು ಅಯಸ್ಕಾಂತದ ಹಿಡಿತದ್ದಾದರೆ ಮಾತ್ರ ಇಂಪ್ಲಾಂಟ್ ಮೇಲಿನ ಲೋಹದ ತುಂಡಿನ ಬಗ್ಗೆ ಮೊದಲೇ ತಿಳಿಸಿ.

ಪ್ರಶ್ನೆ: ನಮ್ಮ ತಂದೆಗೆ 82, ನೆನಪು ಕುಂದುತ್ತಿದೆ. ಸೆಟ್ಟನ್ನು ಎಲ್ಲೋ ಇಟ್ಟು ಕಳೆಯುತ್ತಾರೆ. ತೆಗೆಯಲಾಗದ ಹಲ್ಲು ಹಾಕಿಸಿದರೆ ಕಳೆಯುವ ಚಿಂತೆಯೇ ಇರುವುದಿಲ್ಲ ಅಲ್ಲವೇ?

ಉತ್ತರ: ನಿಮ್ಮ ಯೋಚನೆಯ ಹಿಂದಿನ ಕಾಳಜಿ ಅರ್ಥವಾಗುತ್ತದೆ, ಆದರೆ ಬೇಡ ಎನ್ನುತ್ತೇವೆ. ಬಾಯಿ ತೆರೆಯಲು ಒಪ್ಪದ ದಿನಗಳು ಬಂದಾಗ ಆ ಸಾಲಿನ ಕೆಳಗೆ ಫ್ಲಾಸ್ ತೂರಿಸಲು ನಿಮ್ಮಿಂದಲೂ ಆಗುವುದಿಲ್ಲ. ಸೋಂಕಾದರೂ ಎಲ್ಲಿ ನೋವೆಂದು ಅವರು ಹೇಳಲಾರರು, ಊಟ ಬಿಡುತ್ತಾರೆ ಅಷ್ಟೇ. ಗುಬ್ಬಿಯ ಮೇಲಿನ ಸೆಟ್ ಕಾಯಿಲೆಯ ಆರಂಭದಲ್ಲಿ, ನೋಡಿಕೊಳ್ಳುವವರು ಜೊತೆಗಿದ್ದರೆ ಮಾತ್ರ ಯೋಚಿಸಬಹುದು. ಮುಂದೆ ಸೆಟ್ ಧರಿಸುವುದನ್ನೇ ಬಿಟ್ಟರೆ ಗುಬ್ಬಿಗಳು ಎದುರಿನ ವಸಡನ್ನು ಚುಚ್ಚುತ್ತವೆ. ಆಗ ಅವನ್ನು ಬಿಚ್ಚಿ ಚಪ್ಪಟೆ ಮುಚ್ಚಳ ಹಾಕಿಸಬೇಕು.

ಈಗ ಮಾಡಬಹುದಾದದ್ದು ಇದು. ಅವರಿಗೆ ಒಗ್ಗಿರುವ ಸೆಟ್ಟಿನದೇ ಪಡಿಯಚ್ಚು ತೆಗೆಸಿ ಇನ್ನೊಂದು ಜೊತೆ ಮಾಡಿಸಿಡಿ. ಹೊಸ ಆಕಾರದ ಸೆಟ್ಟಿಗೆ ಅವರ ನಾಲಿಗೆ, ಕೆನ್ನೆ ಮತ್ತೆ ಒಗ್ಗುವುದು ಕಷ್ಟ. ಎರಡರ ಅಕ್ರಿಲಿಕ್ ಒಳಗೂ ಹೆಸರು ಹುದುಗಿಸಲು ಹೇಳಿ. ರಾತ್ರಿ ಸೆಟ್ ತೆಗೆಸುವ ಹೊಣೆ ಮನೆಯಲ್ಲಿ ಒಬ್ಬರದಾಗಿರಲಿ. 85 ದಾಟಿದ ಹಿರಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ ಸೆಟ್ ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾ ಸುಮಾರು ಎರಡು ಪಟ್ಟು ಹೆಚ್ಚು ಕಂಡಿತ್ತು. ತೊಳೆಯಲು ಮೆದು ಬ್ರಷ್ ಮತ್ತು ಸಾಬೂನು ಸಾಕು. ಪೇಸ್ಟ್ ಗೀರುತ್ತದೆ, ಬಿಸಿನೀರು ಸೆಟ್ಟನ್ನು ಸೊಟ್ಟಗೆ ಮಾಡುತ್ತದೆ. ತೊಳೆದ ಮೇಲೆ ತಣ್ಣೀರು ತುಂಬಿದ ಡಬ್ಬಿಯಲ್ಲಿ, ದಿನವೂ ಅದೇ ಜಾಗದಲ್ಲಿ ಇಡಿ.